ವೃದ್ಧಾಶ್ರಮದಲ್ಲಿ ತಿಗಣೆ, ಜಿರಳೆ, ಇಲಿ: ಔಷಧಿ ಹೊಡೆಸುವ ಮೊದಲು ಮಾಡಬೇಕಾದ ಕೆಲಸ

ನಮ್ಮ ಆಶ್ರಮದ ಒಬ್ಬ ಅಜ್ಜಿ ಒಂದೂವರೆ ತಿಂಗಳು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಕೇಳಿದರೆ "ಏನಿಲ್ಲಮ್ಮ, ವಯಸ್ಸಾಯ್ತಲ್ಲ" ಅನ್ನುತ್ತಿದ್ದರು. ಕೈ ಕೆರೆದುಕೊಳ್ಳುತ್ತಿದ್ದರು. ಚರ್ಮ ಒಣಗಿದೆ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆವು. ಡಾಕ್ಟರು ತುರಿಕೆಗೆ ಮಾತ್ರೆ ಬರೆದುಕೊಟ್ಟರು. ಒಂದು ದಿನ ಆಯಾ ದಿಂಬಿನ ಕವರ್ ಬದಲಿಸುವಾಗ ಹೊಲಿಗೆ ಅಂಚಿನಲ್ಲಿ ಶಾಯಿ ಚುಕ್ಕೆಯಂಥ ಕಲೆಗಳನ್ನು ಕಂಡರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದು ಬಣ್ಣವಾಗಿ ಹರಡಿತು. ಮಂಚ ತಲೆಕೆಳಗು ಮಾಡಿದೆವು. ಕಬ್ಬಿಣದ ಪೈಪಿನ ಮಂಚ. ಎರಡು ಕಾಲಿಗೆ ರಬ್ಬರ್ ಬುಷ್ ಇರಲಿಲ್ಲ. ಆ ಪೈಪಿನ ಬಾಯಿಗೆ ಟಾರ್ಚ್ ಬಿಟ್ಟಾಗ ಒಳಗೆ ತಿಗಣೆ ಗಿಜಿಗುಡುತ್ತಿದ್ದವು.

ಅಜ್ಜಿಗೆ ಮೊದಲೇ ಗೊತ್ತಿತ್ತು. ಹೇಳಿದರೆ ತಮ್ಮನ್ನೇ ಕೊಳಕು ಅಂದುಕೊಳ್ಳುತ್ತಾರೆ, ಹಾಸಿಗೆ ಬೇರೆ ಮಾಡುತ್ತಾರೆ ಅನ್ನೋ ಭಯಕ್ಕೆ ಸುಮ್ಮನಿದ್ದರು. ಅವತ್ತಿನಿಂದ ನಾನು ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೇನೆ. ವಯಸ್ಸಾದವರು ಹೇಳುವುದಿಲ್ಲ. ಕೆಲವರಿಗೆ ಹೇಳಲು ಆಗುವುದಿಲ್ಲ, ಕೆಲವರಿಗೆ ನೆನಪಿರುವುದಿಲ್ಲ. ನಾವೇ ನೋಡಬೇಕು. ಔಷಧಿ ಹೊಡೆಸುವುದು ಆಮೇಲಿನ ಮಾತು.

ವೃದ್ಧಾಶ್ರಮ, ಆರೈಕೆ ಕೇಂದ್ರ, ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವ ಸಣ್ಣ ನರ್ಸಿಂಗ್ ಹೋಮ್ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಅಂಥ ಕಡೆ ಬಿಟ್ಟಿರುವ ಮಕ್ಕಳೂ ಓದಲಿ.

ಮೊದಲು ಟಾರ್ಚ್ ಹಿಡಿದು ಒಂದು ಸುತ್ತು

ವಾರಕ್ಕೊಂದು ರಾತ್ರಿ, ಹತ್ತು ಗಂಟೆ ಆದ ಮೇಲೆ, ಟಾರ್ಚ್ ಮತ್ತು ನೋಟ್‌ಬುಕ್ ಹಿಡಿದು ಹೊರಡಿ. ಅಡುಗೆಮನೆಯ ಲೈಟ್ ತಟ್ಟನೆ ಹಾಕಿ. ಯಾವ ಕಡೆಯಿಂದ ಯಾವ ಕಡೆಗೆ ಜಿರಳೆ ಓಡಿತು ಅಂತ ನೋಡಿ, ಬರೆದುಕೊಳ್ಳಿ. ಹಗಲು ಹೊತ್ತಿನಲ್ಲೇ ಜಿರಳೆ ಓಡಾಡುತ್ತಿದ್ದರೆ ಅವುಗಳ ಸಂಖ್ಯೆ ಆಗಲೇ ತುಂಬಾ ಜಾಸ್ತಿ ಆಗಿದೆ ಅಂತ ಅರ್ಥ. ಗೋಡೆ ಬುಡದಲ್ಲಿ ಇಲಿ ಹಿಕ್ಕೆ, ಎಣ್ಣೆ ಸವರಿದಂಥ ಕಪ್ಪು ಗೆರೆ ಇದೆಯಾ ನೋಡಿ. ಇಲಿ ದಿನಾ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಹೋಗುತ್ತದೆ, ಆ ಗೆರೆ ಅದೇ.

ಹಗಲು ನೋಡಬೇಕಾದ ಜಾಗಗಳು ಬೇರೆ. ಮಂಚದ ಸ್ಕ್ರೂ ತೂತು, ಹಾಸಿಗೆಯ ಹೊಲಿಗೆ, ವೀಲ್‌ಚೇರ್ ಸೀಟಿನ ಮಡಿಕೆ, ಟಿವಿ ರೂಮಿನ ಸೋಫಾ. ಸೋಫಾವನ್ನು ಎಲ್ಲರೂ ಮರೆಯುತ್ತಾರೆ. ಆದರೆ ನಮ್ಮ ಹಿರಿಯರು ಮಧ್ಯಾಹ್ನದ ನಿದ್ದೆ ಮಾಡುವುದು ಅಲ್ಲೇ. ಗಾಳಿ ಹಾಸಿಗೆಗೆ ಒಂದು ಪಂಪ್ ಇರುತ್ತದಲ್ಲ, ಮಂಚದ ತುದಿಗೆ ನೇತುಹಾಕಿರುವ ಆ ಪೆಟ್ಟಿಗೆ ಇಪ್ಪತ್ನಾಲ್ಕು ಗಂಟೆಯೂ ಬೆಚ್ಚಗಿರುತ್ತದೆ. ಸಣ್ಣ ಜಿರಳೆಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಉಬ್ಬಸದವರಿಗೆ ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಪೆಟ್ಟಿಗೆ, ಇನ್ಸುಲಿನ್ ಇಡುವ ಫ್ರಿಜ್ಜಿನ ಹಿಂಭಾಗ ಕೂಡ ಹಾಗೇ.

ತುರಿಕೆ ಯಾವುದರಿಂದ ಅಂತ ಪತ್ತೆ ಮಾಡಿ

ಇಲ್ಲಿ ತಪ್ಪಿದರೆ ಮುಂದಿನ ಕೆಲಸವೆಲ್ಲ ದಂಡ. ತಿಗಣೆ ಕಚ್ಚಿದರೆ ಬಟ್ಟೆ ಮುಚ್ಚದ ಜಾಗದಲ್ಲಿ, ಅಂದರೆ ಕೈ, ಕತ್ತು, ಕಾಲಿನಲ್ಲಿ, ಸಾಲಾಗಿ ಗುಳ್ಳೆ ಬರಬಹುದು. ಆದರೆ ವಯಸ್ಸಾದ ಎಷ್ಟೋ ಜನರಿಗೆ ಗುಳ್ಳೆ ಏಳುವುದೇ ಇಲ್ಲ. ಹಾಗಾಗಿ ಮೈ ಮೇಲಿನ ಗುರುತು ನಂಬಬೇಡಿ, ಹಾಸಿಗೆಯ ಗುರುತು ನಂಬಿ.

ಕಜ್ಜಿ ಬೇರೆ. ಅದು ಚರ್ಮದೊಳಗೆ ಬಿಲ ಕೊರೆಯುವ, ಕಣ್ಣಿಗೆ ಕಾಣದ ಸಣ್ಣ ಹುಳದಿಂದ ಬರುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟ, ಕಂಕುಳಲ್ಲಿ ತುರಿಕೆ, ರಾತ್ರಿ ಜಾಸ್ತಿ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು, ಅಷ್ಟರಲ್ಲಿ ಆಯಾ ಕೈಯಿಂದ ಇನ್ನೊಬ್ಬರಿಗೆ ಹೋಗಿರುತ್ತದೆ. ಕಜ್ಜಿಗೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ಪ್ರಯೋಜನವಿಲ್ಲ. ಡಾಕ್ಟರನ್ನು ಕರೆಸಿ. ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ಕತ್ತಿನಿಂದ ಪಾದದವರೆಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ತೊಳೆಯಬೇಕು. ಒಂದೆರಡು ವಾರದೊಳಗೆ ಡಾಕ್ಟರು ಹೇಳಿದ ದಿನ ಮತ್ತೊಮ್ಮೆ. ಹಿರಿಯರಿಗೆ ತಲೆ, ಮುಖಕ್ಕೂ ಹಚ್ಚಬೇಕಾ ಅಂತ ಅವರನ್ನೇ ಕೇಳಿ. ಮುಖ್ಯ ವಿಷಯ ಏನೆಂದರೆ, ತುರಿಕೆ ಇದ್ದವರು ಇಲ್ಲದವರು ಅನ್ನದೆ, ಜೊತೆಗಿರುವ ಎಲ್ಲರೂ ಮತ್ತು ಅವರನ್ನು ಮುಟ್ಟುವ ಸಿಬ್ಬಂದಿಯೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಇವತ್ತು ಒಬ್ಬರು, ನಾಳೆ ಒಬ್ಬರು ಅಂದರೆ ಮುಗಿಯುವುದೇ ಇಲ್ಲ.

ತಿಗಣೆ ಸಿಕ್ಕಿದ ದಿನ

ಗಾಬರಿಯಾಗಿ ಅವರನ್ನು ಬೇರೆ ರೂಮಿಗೆ ಸಾಗಿಸಬೇಡಿ. ನಾವು ಮಾಡಿದ ದೊಡ್ಡ ತಪ್ಪು ಇದೇ. ಅಜ್ಜಿಯನ್ನು ಹಾಸಿಗೆ ಬಟ್ಟೆ ಸಮೇತ ಪಕ್ಕದ ರೂಮಿಗೆ ಕಳಿಸಿದೆವು, ತಿಗಣೆಯೂ ಜೊತೆಗೆ ಹೋಯಿತು. ಒಂದು ರೂಮಿನ ಕೆಲಸ ಮೂರು ರೂಮಿನದಾಯಿತು.

ಮೊದಲು ಬಟ್ಟೆ. ಹೊದಿಕೆ, ದಿಂಬಿನ ಕವರ್, ಸೀರೆ, ಸ್ವೆಟರ್, ಕೌದಿ ಎಲ್ಲವನ್ನೂ ರೂಮಿನೊಳಗೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಒಗೆಯುವ ಜಾಗಕ್ಕೆ ಹೋದ ಮೇಲೇ ಬಿಚ್ಚಿ. 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ತಿಗಣೆ, ಮರಿ, ಮೊಟ್ಟೆ ಎಲ್ಲ ಸಾಯುತ್ತವೆ. ಡ್ರೈಯರ್ ಇದ್ದರೆ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ. ಖಾಲಿ ಚೀಲವನ್ನು ಬಾಯಿ ಕಟ್ಟಿ ಹೊರಗೆ ಹಾಕಿ.

ಆಮೇಲೆ ಮಂಚ. ನಮ್ಮ ಅಜ್ಜಿಯರ ಕಾಲದಲ್ಲಿ ಮಂಚವನ್ನು ಅಂಗಳಕ್ಕೆ ಹೊತ್ತು ತಂದು ಸಂದಿಸಂದಿಗೆ ಕುದಿಯುವ ನೀರು ಸುರಿಯುತ್ತಿದ್ದರು. ಅದು ಮೂಢನಂಬಿಕೆ ಅಲ್ಲ. ಬಿಸಿಯೇ ತಿಗಣೆಯ ಶತ್ರು. 50 ಡಿಗ್ರಿ ದಾಟಿದರೆ ಅದು ಬದುಕುವುದಿಲ್ಲ. ಪೈಪ್ ಮಂಚಕ್ಕೆ ಇವತ್ತಿಗೂ ಇದು ಚೆನ್ನಾಗಿ ಆಗುತ್ತದೆ. ಸ್ಟೀಮ್ ಯಂತ್ರ ಸಿಕ್ಕರೆ ಇನ್ನೂ ಸುಲಭ, ಆದರೆ ಹೊಲಿಗೆಯ ಉದ್ದಕ್ಕೂ ಬಹಳ ನಿಧಾನವಾಗಿ ಎಳೆಯಬೇಕು. ಜೋರಾಗಿ ಬೀಸಿದರೆ ತಿಗಣೆ ಹಾರಿ ಪಕ್ಕಕ್ಕೆ ಬೀಳುತ್ತದೆ. ಒಣಗಿದ ಮೇಲೆ ಪೈಪಿನ ತೂತುಗಳಿಗೆಲ್ಲ ಹೊಸ ಬುಷ್ ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದೊಡ್ಡ ಖರ್ಚೇನಲ್ಲ.

ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲೂ ಹತ್ತಿ ಹಾಸಿಗೆಯ ಒಳಗೆ ಅಷ್ಟು ಬಿಸಿ ಇಳಿಯುವುದು ಕಷ್ಟ. ಬಿಸಿಲು ಬಿದ್ದ ಕಡೆಯಿಂದ ತಿಗಣೆ ಕೆಳಗಿನ ನೆರಳಿಗೆ ಸರಿಯುತ್ತದೆ, ಅಷ್ಟೇ. ಹರಿದ ಹಾಸಿಗೆಯನ್ನು ಕತ್ತರಿಸಿ ಎಸೆಯಿರಿ, ಇಡಿಯಾಗಿ ರಸ್ತೆಗಿಟ್ಟರೆ ಪಾಪ ಇನ್ಯಾರೋ ಎತ್ತಿಕೊಂಡು ಹೋಗುತ್ತಾರೆ. ಚೆನ್ನಾಗಿರುವುದಕ್ಕೆ ಆರು ಕಡೆಯೂ ಮುಚ್ಚುವ ಜಿಪ್ ಇರುವ ರೆಕ್ಸಿನ್ ಕವರ್ ಹಾಕಿಸಿ. ಒಳಗೆ ಉಳಿದ ತಿಗಣೆ ಹೊರಗೆ ಬರಲಾರದು. ಆದರೆ ಊಟವಿಲ್ಲದೆ ಅದು ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ಆ ಕವರನ್ನು ಒಂದು ವರ್ಷ ತೆಗೆಯಬೇಡಿ.

ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆಯಿರಿ. ಹೊದಿಕೆ ನೆಲಕ್ಕೆ ತಾಗದಿರಲಿ. ಕೆಲವರು ಮಂಚದ ಕಾಲಿಗೆ ನೀರಿನ ಬಟ್ಟಲು ಇಡಲು ಹೇಳುತ್ತಾರೆ. ನಮ್ಮಲ್ಲಿ ಅದನ್ನು ಬಿಟ್ಟಿದ್ದೇವೆ. ರಾತ್ರಿ ಬಾತ್‌ರೂಮಿಗೆ ಎದ್ದ ಹಿರಿಯರು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಗಣೆಗಿಂತ ದೊಡ್ಡ ಅನಾಹುತ, ಅಲ್ವಾ? ನೆಲಕ್ಕೆ ಪುಡಿ ಉದುರಿಸುವುದೂ ಬೇಡ, ಕಾಲು ಜಾರುತ್ತದೆ.

ಇನ್ನೊಂದು ಮಾತು. ಅವರ ಟ್ರಂಕು, ಫೋಟೋ, ಪೂಜೆಯ ಪುಸ್ತಕ ಮುಟ್ಟುವ ಮೊದಲು ಕೇಳಿ. ಅವರ ಇಡೀ ಮನೆ ಈಗ ಆ ಒಂದು ಟ್ರಂಕಿನಲ್ಲಿದೆ. ಪುಸ್ತಕವನ್ನು ಬಿಗಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 4 ದಿನ ಇಟ್ಟರೆ ಸಾಕು, ಎಸೆಯಬೇಕಾಗಿಲ್ಲ. ತಿಗಣೆ ಕೊಳಕಿಗೆ ಬರುವುದಲ್ಲ, ಆಸ್ಪತ್ರೆಯಿಂದಲೋ ಬಸ್ಸಿನಿಂದಲೋ ಬಟ್ಟೆ ಹಿಡಿದು ಬರುತ್ತದೆ ಅಂತ ಎಲ್ಲರೆದುರು ಹೇಳಿ. ತಿಗಣೆಯಿಂದ ರೋಗ ಹರಡಿದ್ದು ಸಾಬೀತಾಗಿಲ್ಲ ಅಂತಲೂ ಹೇಳಿ. ಆಗ ಮಿಕ್ಕವರೂ ಬಾಯಿ ಬಿಡುತ್ತಾರೆ.

ಇಷ್ಟಾದ ಮೇಲೆ ಪೆಸ್ಟ್ ಕಂಟ್ರೋಲ್ ಬೇಕಾಗುತ್ತದೆ. ಒಂದು ಸಲ ಹೊಡೆದರೆ ಸಾಲದು. ಮೊಟ್ಟೆಗಳು ಉಳಿದು ಒಂದೆರಡು ವಾರದಲ್ಲಿ ಒಡೆಯುತ್ತವೆ, ಅದಕ್ಕೇ ಸುಮಾರು 14 ದಿನಕ್ಕೆ ಎರಡನೇ ಸಲ. ಪೈರೆಥ್ರಾಯ್ಡ್ ಗುಂಪಿನ ಮಾಮೂಲಿ ಔಷಧಿಗೆ ಎಷ್ಟೋ ಕಡೆ ತಿಗಣೆ ಬಗ್ಗುವುದಿಲ್ಲ. ಮತ್ತೆ ಮತ್ತೆ ಅದನ್ನೇ ಹೊಡೆದರೆ ಪಕ್ಕದ ರೂಮಿಗೆ ಚದುರುತ್ತದೆ. ಕೊನೆಯ ತಿಗಣೆ ಕಂಡ ಮೇಲೂ ಮೂರು ತಿಂಗಳು ವಾರಕ್ಕೊಮ್ಮೆ ಮಂಚ ನೋಡುತ್ತಿರಿ.

ಜಿರಳೆ: ಅಡುಗೆಮನೆ ಮತ್ತು ಟ್ರಂಕು

ಗಟಾರದಿಂದ ಬರುವ ದೊಡ್ಡ ಕೆಂಪು ಜಿರಳೆ ಬೇರೆ, ಅಡುಗೆಮನೆಯ ಸಣ್ಣ ಕಂದು ಜಿರಳೆ ಬೇರೆ. ದೊಡ್ಡದಕ್ಕೆ ನೆಲದ ಜಾಲರಿ ಸರಿ ಮಾಡಿಸಿದರೆ ಅರ್ಧ ಕೆಲಸ ಮುಗಿಯಿತು. ಸಣ್ಣದು ಹಠಮಾರಿ. ಒಂದು ಹೆಣ್ಣು 30-40 ಮೊಟ್ಟೆಗಳ ಚೀಲವನ್ನು ಬೆನ್ನ ಹಿಂದೆ ಹೊತ್ತುಕೊಂಡೇ ತಿರುಗುತ್ತದೆ. ಇದಕ್ಕೆ ಸ್ಪ್ರೇ ಬೇಡ, ಜೆಲ್ ಹಾಕಿಸಿ. ಬಾಗಿಲಿನ ಕೀಲು, ಸಿಂಕಿನ ಕೆಳಗೆ, ಫ್ರಿಜ್ಜಿನ ಮೋಟಾರ್ ಪಕ್ಕ ಸಾಸಿವೆ ಕಾಳಿನಷ್ಟು ಚುಕ್ಕೆಗಳು ಸಾಕು. ಅದನ್ನು ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ ತಿಂದವೂ ಸಾಯುತ್ತವೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆದರೆ, ಫಿನಾಯಿಲ್ ಹಾಕಿ ಒರೆಸಿದರೆ ಜಿರಳೆ ಹತ್ತಿರ ಬರುವುದಿಲ್ಲ. ಕ್ಲೀನಿಂಗ್ ಮಾಡುವವರಿಗೆ ಆ ಚುಕ್ಕೆಗಳನ್ನು ಕೈ ಮಾಡಿ ತೋರಿಸಿ.

ರಾತ್ರಿ ಸಿಂಕು ಒಣಗಿರಲಿ. ಜಿರಳೆ ಊಟವಿಲ್ಲದೆ ವಾರಗಟ್ಟಲೆ ತಡೆಯುತ್ತದೆ, ನೀರಿಲ್ಲದೆ ಅಷ್ಟು ದಿನ ತಡೆಯುವುದಿಲ್ಲ. ಡೈಪರ್ ಡಬ್ಬಕ್ಕೆ ಕಾಲಿನಿಂದ ತೆರೆಯುವ ಮುಚ್ಚಳ ಇರಲಿ, ರಾತ್ರಿ ಪಾಳಿ ಶುರುವಾಗುವ ಮೊದಲು ಖಾಲಿ ಮಾಡಿ. ರಟ್ಟಿನ ಪೆಟ್ಟಿಗೆಯನ್ನು ಸ್ಟೋರ್ ರೂಮಿನ ಹೊರಗೇ ಬಿಚ್ಚಿ, ಜಿರಳೆ ಒಳಗೆ ಬರುವುದೇ ಅದರ ಮಡಿಕೆಯಲ್ಲಿ.

ಇನ್ನು ಟ್ರಂಕಿನೊಳಗಿನ ಕೋಡುಬಳೆ, ಮಾರಿ ಬಿಸ್ಕತ್ತು. ಮಗಳು ತಂದುಕೊಟ್ಟದ್ದನ್ನು ಅಜ್ಜಿ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತಾರೆ. ಬೈಯಬೇಡಿ, ಕಸಿದುಕೊಳ್ಳಬೇಡಿ. ಒಬ್ಬೊಬ್ಬರಿಗೂ ಹೆಸರು ಬರೆದ, ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಕೊಡಿ. ಮುಚ್ಚಳ ಅವರ ಕೈಯಲ್ಲಿ ತೆರೆಯಲು ಬರುತ್ತದಾ ಅಂತ ನೋಡಿಯೇ ಕೊಡಿ.

ಇಲಿ, ಹೆಗ್ಗಣ

ಪೆನ್ಸಿಲ್ ತೂರುವಷ್ಟು ಸಂದಿ ಸಿಕ್ಕರೆ ಚಿಕ್ಕ ಇಲಿ ಒಳಗೆ ಬರುತ್ತದೆ, ಹೆಬ್ಬೆರಳಷ್ಟು ತೂತಾದರೆ ದೊಡ್ಡದು. ಸಂದಿಗೆ ಸ್ಟೀಲ್ ಉಲ್ಲನ್ ತುರುಕಿ ಸಿಮೆಂಟ್ ಮೆತ್ತಿಸಿ. ಬಾಗಿಲಿನ ಬುಡಕ್ಕೆ ತಗಡಿನ ಪಟ್ಟಿ ಹೊಡೆಸಿ. ಇದಾಗದೆ ಎಷ್ಟು ಇಲಿ ಹಿಡಿದರೂ ಹೊಸವು ಬರುತ್ತಲೇ ಇರುತ್ತವೆ.

ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ನೀರು ಹಾಕಿ ಐದು ನಿಮಿಷ ನೆನೆಸಿ, ಗ್ಲೌಸ್ ಹಾಕಿಕೊಂಡು ಒರೆಸಿ ತೆಗೆಯಿರಿ. ಇಲಿ ಜ್ವರ ಬರುವುದು ಅದರ ಮೂತ್ರದಿಂದ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಇಲಿ ಓಡಾಡುವ ಕಟ್ಟಡದಲ್ಲಿ ಬೆಳಗ್ಗೆ ಎದ್ದ ಕೂಡಲೇ ಅವರ ಬೆರಳು, ಹಿಮ್ಮಡಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಒಳಗೆ ಬೋನು ಅಥವಾ ಮುಚ್ಚಿದ ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಬಲೆ ಮಾತ್ರ ಇಡಿ, ಗೋಡೆಗೆ ತಾಗಿಸಿ. ಪಾಷಾಣ ಒಳಗೆ ಬೇಡವೇ ಬೇಡ. ಬ್ರೋಮಡಯೋಲೋನ್ ಅನ್ನೋ ಇಲಿ ಪಾಷಾಣದ ಬಿಲ್ಲೆ ನೋಡಲು ಬಣ್ಣದ ಬರ್ಫಿಯಂತೆ ಇರುತ್ತದೆ. ಮರೆವಿನ ಕಾಯಿಲೆ ಇರುವವರ ಕೈಗೆ ಸಿಕ್ಕರೆ? ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಹೃದಯಕ್ಕಾಗಿ ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗಂತೂ ಇನ್ನೂ ಅಪಾಯ. ಇಡಲೇಬೇಕಾದರೆ ಕಟ್ಟಡದ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ.

ಇರುವೆ ಮತ್ತು ನೊಣ: ಹಾಸಿಗೆ ಹಿಡಿದವರ ವಿಷಯ

ಕೈ ಎತ್ತಿ ನೊಣ ಓಡಿಸಲಾಗದವರ ಗಾಯದಲ್ಲಿ, ಮೂಗಿನಲ್ಲಿ ನೊಣ ಮೊಟ್ಟೆ ಇಡುತ್ತದೆ. ಒಂದೇ ದಿನದಲ್ಲಿ ಹುಳ ಆಗಬಹುದು. ಇದನ್ನು ಕಂಡವರು ಮರೆಯುವುದಿಲ್ಲ. ಕಿಟಕಿಗೆ ಜಾಲರಿ, ಹಾಸಿಗೆ ಹುಣ್ಣಿನ ಮೇಲೆ ಸದಾ ಮುಚ್ಚಿದ ಡ್ರೆಸ್ಸಿಂಗ್, ಮಲಗಿದ ಹೊತ್ತಿಗೆ ಸೊಳ್ಳೆ ಪರದೆ. ಮೂಗಿನ ಕೊಳವೆಯಲ್ಲಿ ಗಂಜಿ ಕೊಡುತ್ತಿದ್ದರೆ ಚೆಲ್ಲಿದ ಹನಿಯನ್ನು ಕೂಡಲೇ ಒರೆಸಿ, ಇರುವೆ ಸಾಲು ಹಿಡಿಯುವುದು ಅದಕ್ಕೇ. ಗಾಯದಲ್ಲಿ ಹುಳ ಕಂಡರೆ ಯಾವ ಎಣ್ಣೆಯನ್ನೂ ಸುರಿಯದೆ ಡಾಕ್ಟರಿಗೆ ತೋರಿಸಿ.

ಸೊಳ್ಳೆ

ಡೆಂಗಿ ಸೊಳ್ಳೆ ಕಚ್ಚುವುದು ಹಗಲು. ನಮ್ಮವರು ಮಲಗುವುದೂ ಹಗಲು. ಹಾಗಾಗಿ ಮಧ್ಯಾಹ್ನವೂ ಪರದೆ ಬೇಕು. ವಾರಕ್ಕೊಂದು ದಿನ ಡ್ರಮ್ಮು, ಹೂದಾನಿ, ಮನಿಪ್ಲಾಂಟ್ ಬಾಟಲಿ, ಫ್ರಿಜ್ಜಿನ ಹಿಂದಿನ ತಟ್ಟೆ, ಏಸಿ ನೀರಿನ ಬಕೆಟ್ ಎಲ್ಲ ಖಾಲಿ ಮಾಡಿ, ಒಳಮೈಯನ್ನು ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಆಕ್ಸಿಜನ್ ಇರುವ ರೂಮಿನಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ, ಬೆಂಕಿ ಹೊತ್ತುತ್ತದೆ. ಉಬ್ಬಸ ಇರುವವರಿಗೆ ಆ ಹೊಗೆಯೂ ಆಗದು. ಹಿರಿಯರಲ್ಲಿ ಡೆಂಗಿ ಬಂದರೂ ಜ್ವರ ಜೋರಾಗಿ ಕಾಣದೇ ಇರಬಹುದು, ಬರೀ ಮಂಕಾಗಿರುತ್ತಾರೆ. ರಕ್ತ ಪರೀಕ್ಷೆ ಮಾಡಿಸಿ. ಮೈಕೈ ನೋವಿನ ಮಾತ್ರೆ ನೀವಾಗೇ ಕೊಡಬೇಡಿ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವಾಗ

1968ರ ಕೀಟನಾಶಕ ಕಾಯ್ದೆಯ ಪ್ರಕಾರ ಅವರಿಗೆ ಲೈಸೆನ್ಸ್ ಇರಬೇಕು. ಪ್ರತಿ ಕೇಳಿ ಪಡೆಯಿರಿ. ಏನು ಹೊಡೆಯುತ್ತೀರಿ ಅಂತ ಕೇಳಿ, ಡಬ್ಬಿಯ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಲೇಬಲ್ಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಲೇಬಲ್ ಇಲ್ಲದ ನೀರಿನ ಬಾಟಲಿಯಲ್ಲಿ ಔಷಧಿ ತಂದರೆ ಗೇಟಿನಿಂದಲೇ ವಾಪಸ್ ಕಳಿಸಿ.

ನಮಗೆ ಒಬ್ಬರು "ಒಂದೇ ಸಲಕ್ಕೆ ಗ್ಯಾರಂಟಿ" ಅಂತ ಹೇಳಿ ಮಾತ್ರೆ ಇಡಲು ಬಂದಿದ್ದರು. ಅದು ಗೋದಾಮಿನ ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಗುಲಿದರೆ ಪ್ರಾಣ ತೆಗೆಯುವ ಗಾಳಿ ಬಿಡುತ್ತದೆ, ಬಾಗಿಲ ಸಂದಿಯಿಂದ ಪಕ್ಕದ ರೂಮಿಗೂ ಹೋಗುತ್ತದೆ. ಜನ ವಾಸಿಸುವ ಕಟ್ಟಡದಲ್ಲಿ ಅದಕ್ಕೆ ಒಪ್ಪಲೇಬೇಡಿ. ತಿಗಣೆಗೆ ಹಿಂದೆ ಮನೆಮನೆಯಲ್ಲಿ ಬಳಸುತ್ತಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. "ಹಳೇ ಸ್ಟಾಕ್ ಇದೆ ಸರ್" ಅಂದರೂ ಬೇಡ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಹಾಸ್ಟೆಲ್ಲಿನಲ್ಲಿ ಇಲಿಗೆ ಔಷಧಿ ಸಿಂಪಡಿಸಿದ ಮೇಲೆ ವಿದ್ಯಾರ್ಥಿಗಳೇ ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. ಅವರು ಎದ್ದು ಓಡಬಲ್ಲ ಹುಡುಗರು. ನಮ್ಮವರು ಹಾಗಲ್ಲ.

ಹೊಡೆಯುವ ದಿನ ಒಂದು ಸಲಕ್ಕೆ ಎರಡು ರೂಮು ಮಾತ್ರ ಹಿಡಿಯಿರಿ. ಅಲ್ಲಿನವರನ್ನು ಸ್ನಾನ ಮಾಡಿಸಿ, ಒಗೆದ ಬಟ್ಟೆ ಹಾಕಿ, ಬೇರೆ ಭಾಗದಲ್ಲಿ ಕೂರಿಸಿ. ಮಾತ್ರೆ, ನೀರಿನ ಲೋಟ, ಹಲ್ಲಿನ ಸೆಟ್, ಕನ್ನಡಕ, ಆಕ್ಸಿಜನ್ ಮಾಸ್ಕ್ ಎಲ್ಲ ಮೊದಲೇ ಹೊರಗೆ. ಹಲ್ಲಿನ ಸೆಟ್ಟನ್ನು ಮರೆಯುವವರೇ ಜಾಸ್ತಿ. ಲೇಬಲ್ ಹೇಳಿದ ಹೊತ್ತು ಮುಗಿದು, ಒಣಗಿ, ಕಿಟಕಿ ತೆರೆದು ವಾಸನೆ ಹೋದ ಮೇಲೇ ವಾಪಸ್. ಉಬ್ಬಸದವರನ್ನು ಆ ರಾತ್ರಿ ಬೇರೆ ಕಡೆ ಮಲಗಿಸಿ.

ಅಂಗಡಿಯಿಂದ ತರುವ ಎರಡು ವಸ್ತುಗಳನ್ನು ನಮ್ಮ ಆಶ್ರಮದಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ಒಂದು, ಬಟ್ಟೆಗೆ ಇಡುವ ನುಸಿಗುಳಿಗೆ. ಒಬ್ಬ ತಾತ ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಿಕೊಂಡಿದ್ದರು, ಆಯಾ ನೋಡಿ ತೆಗೆದರು. ಇನ್ನೊಂದು, ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣ.

ಯಾರಾದರೂ ಏನಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಪೊಟ್ಟಣ ಅಥವಾ ಆ ಲೇಬಲ್ ಫೋಟೋ ಜೊತೆ ಆಸ್ಪತ್ರೆಗೆ ಹೊರಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117. ಗೋಡೆಗೆ ದೊಡ್ಡದಾಗಿ ಬರೆದು ಹಾಕಿ. ಇಲಿ ಪಾಷಾಣ ತಿಂದವರು ಮೊದಲ ದಿನ ಚೆನ್ನಾಗಿಯೇ ಕಾಣಬಹುದು, ಅದಕ್ಕೆ ಮೋಸಹೋಗಬೇಡಿ.

ನೋಡಲು ಬರುವ ಮಕ್ಕಳಿಗೆ

ಬಂದಾಗ ಅಮ್ಮನ ಹಾಸಿಗೆ ಮೇಲೇ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ದಿಂಬು ತಿರುಗಿಸಿ ಹೊಲಿಗೆ ನೋಡಿ. ಕಾಲುಚೀಲ ತೆಗೆದು ಪಾದ ನೋಡಿ. ತಿಂಡಿ ತಂದರೆ ಡಬ್ಬಿಯಲ್ಲೇ ತನ್ನಿ. ಏನಾದರೂ ಕಂಡರೆ ಮೊದಲು ಮೇಲ್ವಿಚಾರಕರ ಹತ್ತಿರ ನೇರವಾಗಿ ಹೇಳಿ, ಆಯಾ ಮೇಲೆ ಕೂಗಾಡಬೇಡಿ. ತಿಗಣೆ ಬಂದಿದೆ ಅಂತ ಒಪ್ಪಿಕೊಂಡು, ಏನು ಮಾಡುತ್ತಿದ್ದೇವೆ ಅಂತ ರಿಜಿಸ್ಟರ್ ತೋರಿಸುವ ಜಾಗವನ್ನು ನಂಬಬಹುದು. "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಅಂತ ಮಾತು ಮುಗಿಸುವ ಕಡೆ ಮುಂದಿನ ವಾರವೇ ಮತ್ತೆ ಹೋಗಿ ನೋಡಿ. ಹೇಳಿ ಹೇಳಿ ಸಾಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ.